ರಕ್ತ ಕಂಡದ್ದೆಲ್ಲ ಮೂಲವ್ಯಾಧಿಯಲ್ಲ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಬಾರಿಯ ಪತ್ರಗಳಲ್ಲಿ ಒಂದಕ್ಕೂ ಹೆಸರಿಲ್ಲ. ಊರು, ವಯಸ್ಸು, ಉದ್ಯೋಗ ಅಷ್ಟೇ ಇದೆ. ವಿಷಯವೇ ಅಂಥದ್ದು, ಹೆಸರು ಬೇಡ. ಆದರೆ ರಕ್ತದ ಬಣ್ಣ ಹೇಗಿದೆ, ನೋವು ಯಾವ ಹೊತ್ತಿಗೆ ಬರುತ್ತದೆ, ಎಷ್ಟು ದಿನದಿಂದ ಇದೆ ಎಂಬುದನ್ನು ಬರೆದವರಿಗೆ ಮಾತ್ರ ಸರಿಯಾದ ಉತ್ತರ ಕೊಡಬಹುದು. ಉತ್ತರಿಸಿದವರು ಒಬ್ಬ ಶಸ್ತ್ರವೈದ್ಯರು ಮತ್ತು ಒಬ್ಬ ಆಹಾರತಜ್ಞೆ.

ಇಳಕಲ್, ನೇಕಾರ, 38 ವರ್ಷ: ಕುಣಿಮಗ್ಗದಾಗ ಮುಂಜಾನಿಂದ ಸಂಜೀಮಟ ಕುಂದ್ರೋ ಕೆಲಸ ನಮ್ದು. ಎರಡು ತಿಂಗಳಿಂದ ಸಂಡಾಸಕ್ಕ ಹೋದಾಗ ಕಡೀಕ ಹನಿಹನಿ ಕೆಂಪು ರಕ್ತ ಬೀಳತೈತ್ರಿ. ನೋವು ಏನೂ ಇಲ್ಲ. ಮೆತ್ತಗ ಏನೋ ಹೊರಗ ಬಂದಂಗ ಆಗಿ, ಎದ್ದಮ್ಯಾಲ ತಾನ ಒಳಗ ಹೋಗತೈತಿ. ಆಪರೇಷನ್ ಇಲ್ಲದ ಮನ್ಯಾಗ ಕಡಿಮಿ ಆಗತೈತೇನ್ರಿ?

ನೀವು ಬರೆದಿರುವುದು ಒಳಮೂಲವ್ಯಾಧಿಯ ಲಕ್ಷಣಗಳಿಗೆ ಹೊಂದುತ್ತದೆ, ಮತ್ತು ಈ ಹಂತದಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಗುದದ್ವಾರದ ಒಳಗೋಡೆಯಲ್ಲಿ ರಕ್ತನಾಳ ತುಂಬಿದ ಮೂರು ಮೆತ್ತೆಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ಎಡಕ್ಕೆ ಒಂದು, ಬಲಗಡೆ ಮುಂದೊಂದು, ಹಿಂದೊಂದು. ಗಾಳಿಯಾಗಲಿ ನೀರಾಗಲಿ ಸೋರದಂತೆ ಬಾಯಿ ಬಿಗಿಯುವುದಕ್ಕೆ ಅವು ನೆರವಾಗುತ್ತವೆ. ಅವನ್ನು ಗೋಡೆಗೆ ಹಿಡಿದಿಟ್ಟ ಎಳೆಗಳು ವರ್ಷಗಟ್ಟಲೆ ತಿಣುಕಿದ್ದರಿಂದ ಸಡಿಲಾಗಿ ಮೆತ್ತೆಗಳು ಕೆಳಗೆ ಜಾರಿದರೆ ಅದೇ ಮೂಲವ್ಯಾಧಿ. ಗಟ್ಟಿ ಮಲ ಅದರ ತೆಳು ಪೊರೆಯನ್ನು ಉಜ್ಜಿದಾಗ ರಕ್ತ ಬರುತ್ತದೆ. ಹಾಗಾಗಿಯೇ ಅದು ಮಲದಲ್ಲಿ ಬೆರೆತಿರುವುದಿಲ್ಲ, ಕೊನೆಗೆ ಬೇರೆಯಾಗಿ ತಾಜಾ ಕೆಂಪಗೆ ಹನಿಯುತ್ತದೆ.

ನೋವಿಲ್ಲದಿರುವುದಕ್ಕೂ ಕಾರಣವಿದೆ. ಗುದದ್ವಾರದಿಂದ ಸುಮಾರು 2 ಸೆಂಟಿಮೀಟರ್ ಒಳಗೆ ಒಂದು ಗೆರೆ ಇದೆ. ಅದರ ಮೇಲಿನ ಪೊರೆಗೆ ಚರ್ಮಕ್ಕಿರುವಂಥ ನೋವಿನ ನರಗಳಿಲ್ಲ, ಕೆಳಗಿನ ಚರ್ಮಕ್ಕೆ ಬಹಳ ಇವೆ. ಒಳಮೂಲವ್ಯಾಧಿ ಹುಟ್ಟುವುದು ಆ ಗೆರೆಗಿಂತ ಮೇಲೆ. ವೈದ್ಯರು ಅದನ್ನು ನಾಲ್ಕು ಹಂತಗಳಾಗಿ ನೋಡುತ್ತಾರೆ: ಬರೀ ರಕ್ತ ಬರುವುದು ಮೊದಲನೆಯದು, ಹೊರಬಂದು ತಾನೇ ಒಳಹೋಗುವುದು ಎರಡನೆಯದು, ಕೈಯಿಂದ ಒಳಗೆ ಒತ್ತಬೇಕಾಗುವುದು ಮೂರನೆಯದು, ಒತ್ತಿದರೂ ಹೋಗದಿರುವುದು ನಾಲ್ಕನೆಯದು. ನಿಮ್ಮದು ಎರಡನೆಯ ಹಂತದಂತೆ ಕಾಣುತ್ತದೆ.

ಮಗ್ಗವನ್ನು ಬಯ್ಯಬೇಡಿ. ಕೂರುವುದಕ್ಕಿಂತ ದೊಡ್ಡ ತಪ್ಪು ಬೇರೆ ಇರುತ್ತದೆ. ಪದೇ ಪದೇ ಕುಣಿಯಿಂದ ಏಳಬೇಕಾಗುತ್ತದೆಂದು ನೀರು ಕುಡಿಯದಿರುವುದು, ಸಂಡಾಸದ ಸೂಚನೆ ಬಂದರೂ ಕೈಲಿದ್ದಷ್ಟು ನೇಯ್ದು ಮುಗಿಸಿ ಹೋಗೋಣವೆಂದು ತಡೆಯುವುದು. ತಡೆದಷ್ಟು ಹೊತ್ತೂ ದೊಡ್ಡಕರುಳು ಮಲದಿಂದ ನೀರು ಹೀರುತ್ತಲೇ ಇರುತ್ತದೆ, ಮಲ ಗಟ್ಟಿಯಾಗುತ್ತದೆ, ಮತ್ತೆ ತಿಣುಕಬೇಕಾಗುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಒಂದು ಗ್ಲಾಸು ನೀರು ಕುಡಿದು ಬಂದರೆ ನೇಯ್ಗೆಯೇನೂ ಹಿಂದೆ ಬೀಳುವುದಿಲ್ಲ.

ಮನೆ ಚಿಕಿತ್ಸೆಯ ಬೇರು ಇಸಬ್‌ಗೋಲ್ ಹೊಟ್ಟು ಮತ್ತು ನೀರು. ಮುಲಾಮು ಅದರ ಆಮೇಲಿನ ಮಾತು. ಮೊದಲ ನಾಲ್ಕು ದಿನ ರಾತ್ರಿ ಊಟದ ನಂತರ ಊಟದ ಚಮಚೆಯಲ್ಲಿ ಅರ್ಧ. ಹೊಟ್ಟೆ ಉಬ್ಬರಿಸದಿದ್ದರೆ ಐದನೆಯ ದಿನದಿಂದ ಪೂರ್ತಿ ಒಂದು, ಅಂದರೆ ಸುಮಾರು 5 ಗ್ರಾಂ. ವಾರದ ನಂತರ ಬೇಕೆನಿಸಿದರೆ ಮುಂಜಾನೆಗೂ ಒಂದು. ಒಂದೊಂದು ಸಲಕ್ಕೂ 250 ಮಿಲಿಲೀಟರ್ ನೀರಿನಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನರ್ಧ ಗ್ಲಾಸು ನೀರು ಕುಡಿಯಬೇಕು. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಮೇಲೆ ಒಂದು ಗುಟುಕು ನೀರು ಕುಡಿಯುವವರಿದ್ದಾರೆ. ಅದು ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು, ಕರುಳಲ್ಲಿ ಗಂಟಾಗಿ ಮಲಬದ್ಧತೆಯನ್ನೇ ಹೆಚ್ಚಿಸಬಹುದು. ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆ ಅಂತರವಿರಲಿ. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಬೆರೆಸದ ಹೊಟ್ಟನ್ನೇ ಕೇಳಿ ಕೊಳ್ಳಬೇಕು.

ಇನ್ನು ಸಂಡಾಸದಲ್ಲಿ ಕೂರುವ ರೀತಿ. ಐದು ನಿಮಿಷ ಸಾಕು. ಬರದಿದ್ದರೆ ಎದ್ದು ಬನ್ನಿ, ಸೂಚನೆ ಮತ್ತೆ ಬಂದಾಗ ಹೋಗಿ. ತಿಣುಕದೆ ಕೂತಿದ್ದರೂ ಗುದದ ಸುತ್ತಲ ನಾಳಗಳು ತುಂಬಿ ಉಬ್ಬುತ್ತವೆ, ಆದ್ದರಿಂದ ಮೊಬೈಲ್ ಹೊರಗಿರಲಿ. ಇದೊಂದನ್ನು ಬಿಟ್ಟು ಉಳಿದೆಲ್ಲ ಪಾಲಿಸಿದವರಿಗೆ ಗುಣ ಅರ್ಧಕ್ಕೇ ನಿಲ್ಲುತ್ತದೆ. ಕಮೋಡ್ ಇದ್ದ ಮನೆಯಲ್ಲಿ ಪಾದಗಳ ಕೆಳಗೆ 20 ಸೆಂಟಿಮೀಟರ್ ಎತ್ತರದ ಮಣೆ ಇಟ್ಟು ಸ್ವಲ್ಪ ಮುಂದಕ್ಕೆ ಬಾಗಿ ಕುಳಿತರೆ ದಾರಿ ನೇರವಾಗುತ್ತದೆ. ಕುಕ್ಕರಗಾಲಲ್ಲಿ ಕೂರುವವರಿಗೆ ಆ ಅನುಕೂಲ ಮೊದಲೇ ಇದೆ.

ಹೊರಬಂದ ಭಾಗ ತಾನೇ ಒಳಹೋಗದ ದಿನವಿದ್ದರೆ ಬೆರಳಿಗೆ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿಕೊಂಡು ಮೆಲ್ಲಗೆ ಒಳಗೆ ಒತ್ತಬಹುದು. ಒತ್ತಿದರೂ ಹೋಗದೆ ಕಪ್ಪಗಾಗಿ ಊದಿ ನೋಯುತ್ತಿದ್ದರೆ ಅದು ಸಿಕ್ಕಿಹಾಕಿಕೊಂಡಿದೆ, ಅಂದೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಶುರು ಮಾಡುವ ಮೊದಲು ಒಂದು ಸಲ ತೋರಿಸಿಕೊಳ್ಳಿ. ಎಡ ಮಗ್ಗುಲಿಗೆ ಮಲಗಿ ಮೊಣಕಾಲು ಎದೆಗೆ ಎಳೆದುಕೊಂಡರೆ, ವೈದ್ಯರು ಜೆಲ್ಲಿ ಹಚ್ಚಿದ ಬೆರಳಿನಿಂದ, ಆಮೇಲೆ ಪ್ರಾಕ್ಟೋಸ್ಕೋಪ್ ಎಂಬ ಬೆರಳುದ್ದದ ಕೊಳವೆಯಿಂದ ನೋಡುತ್ತಾರೆ. ಎರಡು ನಿಮಿಷದ ಕೆಲಸ. ಎರಡು ತಿಂಗಳಿಂದ ರಕ್ತ ಹೋಗುತ್ತಿದೆಯಾದ್ದರಿಂದ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಗಂಡಸರಿಗೆ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಇಸಬ್‌ಗೋಲ್‌ನಿಂದ ರಕ್ತ ನಾಳೆಯೇ ನಿಲ್ಲುವುದಿಲ್ಲ. ಅದರ ಫಲ ನೋಡಲು 6 ವಾರ ಬೇಕು. 6 ವಾರವಾದರೂ ಕಡಿಮೆಯಾಗದಿದ್ದರೆ ಮುಂದಿನ ದಾರಿ ರಬ್ಬರ್ ಬ್ಯಾಂಡ್. ಅದರ ವಿಷಯ ಬೆಳಗಾವಿಯ ಪತ್ರಕ್ಕೆ ಬರೆದ ಉತ್ತರದಲ್ಲಿದೆ.

ರಬಕವಿ, ಗೃಹಿಣಿ, 29 ವರ್ಷ: ನನಗೂ ಮೂಲವ್ಯಾಧಿ ಆಗೇತ್ರಿ. ಸಂಡಾಸಕ್ಕ ಕುಂತ್ರ ಗಾಜಿನ ಚೂರು ಕೊಯ್ದಂಗ ನೋಯ್ತೈತಿ, ಎದ್ದು ಬಂದಮ್ಯಾಲೂ ಎರಡು ತಾಸು ಉರೀತೈತಿ. ರಕ್ತ ಒಂದೆರಡು ಗೆರಿ ಅಷ್ಟ. ಹಿಂದಕ ಒಂದು ಸಣ್ಣ ಮೊಳಕಿ ಕೈಗೆ ಹತ್ತತೈತಿ. ಹೆದರಿ ಎರಡು ದಿನಕ್ಕೊಮ್ಮೆ ಹೋಗ್ತೀನಿ. ನಮ್ಮತ್ತಿಯವರು ಖಾರಾ ಬಿಡು ಅಂತಾರ.

ತಾಯಿ, ನಿಮ್ಮದು ಮೂಲವ್ಯಾಧಿ ಇರಲಾರದು. ಕೊಯ್ದಂಥ ನೋವು, ಆಮೇಲೆ ತಾಸುಗಟ್ಟಲೆ ಉರಿ, ರಕ್ತ ಕಡಿಮೆ: ಇದು ಗುದದ್ವಾರದ ಬಿರುಕು, ವೈದ್ಯರು ಫಿಷರ್ ಅನ್ನುತ್ತಾರೆ. ಗಟ್ಟಿ ಮಲ ಹೊರಬರುವಾಗ ಚರ್ಮ ಸೀಳಿ ಗಾಯವಾಗಿರುತ್ತದೆ, ಸಾಮಾನ್ಯವಾಗಿ ಹಿಂಬದಿಯ ನಡುಗೆರೆಯಲ್ಲಿ. ಕೈಗೆ ಹತ್ತುವ ಮೊಳಕೆ ಗಾಯದ ಕೆಳತುದಿಯಲ್ಲಿ ದಪ್ಪಗಾದ ಚರ್ಮ. ಅಂಗಡಿಯಲ್ಲಿ ಪೈಲ್ಸ್ ಮುಲಾಮು ಕೇಳಿ ತಂದು ಹಚ್ಚಿದರೆ ಗಾಯ ಮಾಯುವುದಿಲ್ಲ.

ಮಾಯದಿರುವುದಕ್ಕೆ ಕಾರಣ, ನೋವಿಗೆ ಒಳಗಿನ ಬಿಗಿಸ್ನಾಯು ಸೆಟೆದುಕೊಳ್ಳುತ್ತದೆ. ಸೆಟೆದರೆ ಆ ಜಾಗಕ್ಕೆ ರಕ್ತ ಕಡಿಮೆ ಹೋಗುತ್ತದೆ. ನೀವು ಹೆದರಿ ಎರಡು ದಿನ ತಡೆದರೆ ಮಲ ಇನ್ನಷ್ಟು ಗಟ್ಟಿಯಾಗಿ ಅದೇ ಗಾಯವನ್ನು ಮತ್ತೆ ಸೀಳುತ್ತದೆ. ಆದ್ದರಿಂದ ದಿನಾ ಹೋಗಬೇಕು, ಮೆತ್ತಗೆ ಹೋಗಬೇಕು. ಇಸಬ್‌ಗೋಲ್ ಮೇಲಿನ ಪ್ರಮಾಣದಲ್ಲೇ.

ಸ್ನಾಯು ಸಡಿಲವಾಗಲು ಬಿಸಿನೀರಿನಲ್ಲಿ ಕೂರುವುದು ಒಳ್ಳೆಯದು. ಅಗಲ ಬಾಯಿಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒಂದು ಗೇಣಿನಷ್ಟು ನೀರು, ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿ, ಸುಮಾರು 40 ಡಿಗ್ರಿ. ಸೊಂಟದ ಕೆಳಭಾಗ ಮುಳುಗುವಂತೆ 10ರಿಂದ 15 ನಿಮಿಷ ಕೂತಿರಿ. ಸಂಡಾಸದಿಂದ ಬಂದ ಕೂಡಲೇ ಒಮ್ಮೆ, ರಾತ್ರಿ ಮಲಗುವ ಮುಂದೆ ಒಮ್ಮೆ. ಎದ್ದ ಮೇಲೆ ಮೆತ್ತನೆಯ ಹತ್ತಿ ಅರವಿಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ನೀರಿಗೆ ಉಪ್ಪು ಬೇಕಿಲ್ಲ. ಡೆಟಾಲ್ ಅಂತೂ ಬೇಡವೇ ಬೇಡ, ಹಸಿ ಗಾಯವನ್ನೂ ಸುತ್ತಲ ಚರ್ಮವನ್ನೂ ಅದು ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಜೋಮು ಇದ್ದವರು ಮಾತ್ರ ನೀರಿನ ಬಿಸಿಯನ್ನು ಬೇರೊಬ್ಬರ ಕೈಯಲ್ಲಿ ನೋಡಿಸಿಕೊಳ್ಳಬೇಕು.

ವೈದ್ಯರು ಬರೆಯುವ ಔಷಧ ಡಿಲ್ಟಿಯಾಜೆಮ್ 2% ಮುಲಾಮು. ದಿನಕ್ಕೆ ಎರಡು ಸಲ, ಬಟಾಣಿ ಕಾಳಿನಷ್ಟು, ಗುದದ್ವಾರದ ಅಂಚಿಗೆ. 6ರಿಂದ 8 ವಾರ ಬಿಡದೆ ಹಚ್ಚಬೇಕು. ಎರಡನೆಯ ವಾರಕ್ಕೇ ನೋವು ಇಳಿಯಿತೆಂದು ನಿಲ್ಲಿಸುವವರು ತಿರುಗಿ ಬರುತ್ತಾರೆ.

ಅತ್ತೆಯವರ ಮಾತು ನಿಮ್ಮ ಮಟ್ಟಿಗೆ ಸರಿ. ಬಿರುಕಿದ್ದಾಗ ಖಾರ ಉರಿಯನ್ನು ಹೆಚ್ಚಿಸುತ್ತದೆ. ಗಾಯ ಮಾಯುವವರೆಗೆ ರಂಜಕ ತಟ್ಟೆಯಿಂದ ದೂರವಿರಲಿ. ಮೂಲವ್ಯಾಧಿ ಮಾತ್ರ ಖಾರದಿಂದ ಹುಟ್ಟುತ್ತದೆ ಎನ್ನಲು ಆಧಾರವಿಲ್ಲ. ಹಾಗಿದ್ದಿದ್ದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ.

ಅಥಣಿ ತಾಲೂಕು, ಕಬ್ಬಿನ ಟ್ರ್ಯಾಕ್ಟರ್ ಚಾಲಕ, 33 ವರ್ಷ: ನಿನ್ನೆ ರಾತ್ರಿಯಿಂದ ಗುದದ ಬಾಯಾಗ ದ್ರಾಕ್ಷಿಯಷ್ಟು ನೀಲಿ ಗಂಟು ಬಂದೈತಿ. ಸೀಟಿನ ಮ್ಯಾಲ ಕುಂದ್ರಾಕ ಆಗವಲ್ದು. ಗೆಳ್ಯಾ ಬ್ಲೇಡಿನಿಂದ ಚುಚ್ಚಿ ಹಿಂಡಿದ್ರ ಹೋಗತೈತಿ ಅಂತಾನ.

ಚುಚ್ಚಬೇಡಿ. ಅದು ಹೊರಮೂಲವ್ಯಾಧಿಯಲ್ಲಿ ಹೆಪ್ಪುಗಟ್ಟಿದ ರಕ್ತ. ಬ್ಲೇಡ್ ಹಾಕಿದರೆ ಕೀವು ಕಟ್ಟುತ್ತದೆ, ರಕ್ತ ನಿಲ್ಲದೆಯೂ ಹೋಗಬಹುದು, ಬಾಯಿ ಮುಚ್ಚಿಕೊಂಡು ಒಳಗೆ ಮತ್ತೆ ಹೆಪ್ಪುಗಟ್ಟುತ್ತದೆ. ನೋವು ತಡೆಯಲಾಗದಷ್ಟಿದ್ದರೆ ಇಂದೇ ಶಸ್ತ್ರವೈದ್ಯರ ಬಳಿ ಹೋಗಿ. ಮೊದಲ 72 ತಾಸಿನೊಳಗೆ ಬಂದವರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಗಂಟನ್ನು ಕತ್ತರಿಸಿ ತೆಗೆಯುತ್ತಾರೆ, ನೋವು ಬೇಗ ಇಳಿಯುತ್ತದೆ. 72 ತಾಸು ದಾಟಿದ ಮೇಲೆ ಅದು ತಾನೇ ಕರಗತೊಡಗಿರುತ್ತದೆ, ಆಗ ಕೊಯ್ಯಿಸಿಕೊಂಡು ಲಾಭವಿಲ್ಲ. ನೋವು ಎರಡು ಮೂರು ದಿನ ಏರಿ, ವಾರ ಹತ್ತು ದಿನದಲ್ಲಿ ಹೋಗುತ್ತದೆ; ಗಂಟು ಪೂರ್ತಿ ಕರಗಲು ಕೆಲವು ವಾರ ಹಿಡಿಯಬಹುದು.

ಅಲ್ಲಿಯವರೆಗೆ ಅರವಿಯಲ್ಲಿ ಸುತ್ತಿದ ಐಸ್ ಅನ್ನು 10 ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಇಡಿ. ಮೂರನೆಯ ದಿನದಿಂದ ಬಿಸಿನೀರಿನಲ್ಲಿ ಕೂರುವುದು ಹಿತ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆ ಒಂದು ಅಥವಾ ಎರಡು, ಆರು ತಾಸಿಗೊಮ್ಮೆ, ದಿನಕ್ಕೆ ಎಂಟರ ಒಳಗೆ. ಯಕೃತ್ತಿನ ತೊಂದರೆ ಇದ್ದವರು, ಕುಡಿಯುವ ಅಭ್ಯಾಸವಿದ್ದವರು ವೈದ್ಯರನ್ನು ಕೇಳದೆ ಇಷ್ಟು ತೆಗೆದುಕೊಳ್ಳಬಾರದು. ಟ್ರಮಡಾಲ್ ಇರುವ ನೋವಿನ ಗುಳಿಗೆ ಮಲ ಕಟ್ಟಿಸುತ್ತದೆ, ಬೇಡ. ನಾಲ್ಕು ದಿನ ಸ್ಟೇರಿಂಗ್ ಬೇರೆಯವರ ಕೈಗೆ ಕೊಡಿ. ಗಂಟಿನ ಜೊತೆ ಜ್ವರ ಇದ್ದು, ಮಿಡಿಯುವಂಥ ನೋವು, ಸುತ್ತಲೂ ಕೆಂಪು ಊತ ಇದ್ದರೆ ಅದು ಕೀವಿನ ಕುರು. ಅದು ಮನೆಯಲ್ಲಿ ಗುಣವಾಗುವಂಥದ್ದಲ್ಲ.

ಗೋಕಾಕ ತಾಲೂಕು, 26 ವರ್ಷ, ಎಂಟು ತಿಂಗಳ ಬಸುರಿ: ಆಶಾ ಅಕ್ಕಾರು ಕೊಟ್ಟ ಕೆಂಪು ಗುಳಿಗಿ ತಗೋಳಾಕ ಹತ್ತಿದಾಗಿಂದ ಸಂಡಾಸ ಗಟ್ಟಿ, ಕಪ್ಪು. ಈಗ ಮೂಲವ್ಯಾಧಿ ಹೊರಗ ಬಂದೈತಿ. ಔಡಲೆಣ್ಣಿ ಕುಡಿ ಅಂತಾರ, ಕುಡೀಲೇನ್ರಿ?

ಔಡಲೆಣ್ಣೆ ಬೇಡ. ಅದು ಗರ್ಭಕೋಶವನ್ನೂ ಹಿಂಡಿ ಹೆರಿಗೆ ನೋವು ಎಬ್ಬಿಸಬಹುದು. ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಮಲ ಕಪ್ಪಗಾಗುವುದು ಅದರ ಬಣ್ಣ, ರಕ್ತವಲ್ಲ. ನಿಲ್ಲಿಸಬೇಡಿ, ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವ ಬಸುರಿಗೆ ಕಬ್ಬಿಣ ಇನ್ನೂ ಹೆಚ್ಚು ಬೇಕು. ಗುಳಿಗೆಯನ್ನು ಲಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ, ಚಹಾ ಅದರಿಂದ ಒಂದು ತಾಸು ದೂರವಿರಲಿ, ಇಸಬ್‌ಗೋಲ್ ಎರಡು ತಾಸು ದೂರ. ಇಸಬ್‌ಗೋಲ್ ಸಾಲದಿದ್ದರೆ ಲ್ಯಾಕ್ಟುಲೋಸ್ ಸಿರಪ್ 15 ಮಿಲಿಲೀಟರ್ ರಾತ್ರಿ ಕುಡಿಯಬಹುದು, ತಪಾಸಣೆಗೆ ಹೋದಾಗ ಕೇಳಿ ಬರೆಸಿಕೊಳ್ಳಿ.

ಬಸುರಿಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಕರುಳಿನ ಚಲನೆ ನಿಧಾನ ಮಾಡುತ್ತದೆ, ಬೆಳೆದ ಗರ್ಭ ಸೊಂಟದ ರಕ್ತನಾಳಗಳನ್ನು ಒತ್ತುತ್ತದೆ. ಮಧ್ಯಾಹ್ನ ಅರ್ಧ ತಾಸು ಎಡ ಮಗ್ಗುಲಿಗೆ ಮಲಗಿದರೆ ಆ ಒತ್ತಡ ಇಳಿಯುತ್ತದೆ. ಹೆರಿಗೆಯ ನಂತರ ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ತಾನೇ ಕುಗ್ಗುತ್ತದೆ, ಬಾಣಂತಿತನದಲ್ಲಿ ಕುಡಿಯುವ ನೀರಿಗೆ ಕಟ್ಟು ಹಾಕದಿದ್ದರೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಕಾಯಿಪಲ್ಲೆ ಕೊಟ್ಟರೆ ಕೂಸಿಗೆ ಶೀತ ಎಂದು ಒಣ ರೊಟ್ಟಿ, ಬಿಳಿ ಅನ್ನದ ಮೇಲೆ ಇಡುವ ಮನೆಗಳಲ್ಲಿ ಮೂಲವ್ಯಾಧಿ ಬಾಣಂತಿತನದಲ್ಲೇ ಬಲಿಯುತ್ತದೆ. ಹಾಲೂಡಿಸುವವರಿಗೆ ಮೊದಲಿಗಿಂತ ಹೆಚ್ಚು ನೀರು ಬೇಕು. ಈ ಸಾಲನ್ನು ಮನೆಯ ಹಿರಿಯರಿಗೆ ಓದಿ ತೋರಿಸಿ.

ವಿಜಯಪುರ, ಶಿಕ್ಷಕಿ, 44 ವರ್ಷ: ನಾರು ತಿನ್ನಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹುಟ್ಟಿದಾಗಿನಿಂದ ಜೋಳದ ರೊಟ್ಟಿಯೇ ಉಣ್ಣುವವಳು. ಆದರೂ ಮಲಬದ್ಧತೆ, ಆಗಾಗ ರಕ್ತ. ಏಕೆ?

ಲೆಕ್ಕ ಹಾಕಿ ನೋಡೋಣ. ಒಬ್ಬರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಎರಡು ರೊಟ್ಟಿಗೆ 10 ಗ್ರಾಂ ಆಯಿತು. ಮುಂಜಾನೆ ಚಹಾ ಜೊತೆ ಬ್ರೆಡ್ಡು ಅಥವಾ ಅವಲಕ್ಕಿ, ರಾತ್ರಿ ಅನ್ನ ಸಾರು ಎಂದಾದರೆ ಆ ಎರಡೂ ಊಟ ಸೇರಿ ಇನ್ನು 4 ಗ್ರಾಂ ಕೊಡುವುದೂ ಕಷ್ಟ. ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ಒಂದು ಚಮಚೆಯಷ್ಟೇ, ಅದು ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಅರ್ಧದಷ್ಟೇ ನಾರು ಸಿಗುತ್ತಿದೆ.

ಉಳಿದರ್ಧ ತುಂಬಲು ದೂರದ ತಿನಿಸು ಬೇಕಿಲ್ಲ. 30 ಗ್ರಾಂ ಹೆಸರುಕಾಳನ್ನು ಮೊಳಕೆ ಕಟ್ಟಿಸಿ ಪಲ್ಲೆ ಮಾಡಿದರೆ 5 ಗ್ರಾಂ, ಮಡಕಿಕಾಳಿನ ಪಲ್ಲೆಯೂ ನಡೆಯುತ್ತದೆ. ಮೆಂತೆ ಅಥವಾ ರಾಜಗಿರಿ ಪಲ್ಲೆ ನೂರು ಗ್ರಾಂಗೆ ನಾಲ್ಕೈದು ಗ್ರಾಂ. ಒಂದು ಮಧ್ಯಮ ಗಾತ್ರದ ಪೇರಲಹಣ್ಣು ಬೀಜ ಸಮೇತ 8 ಗ್ರಾಂ, ಇದನ್ನು ಮೀರಿಸುವ ಹಣ್ಣು ನಮ್ಮ ಸಂತೆಯಲ್ಲಿ ಕಡಿಮೆ. ಅಗಸಿ ಹಿಂಡಿ ಎರಡು ಚಮಚೆ ಹಾಕಿಕೊಂಡರೆ ಇನ್ನೊಂದೆರಡು ಗ್ರಾಂ. ರೊಟ್ಟಿಯ ಜೊತೆ ಹಕ್ಕರಕಿ, ಸೌತೆಕಾಯಿ, ಮೂಲಂಗಿ ಹಸಿಯಾಗಿ ತಿನ್ನುವ ರೂಢಿ ಹೊಲದ ಬುತ್ತಿಯಲ್ಲಿ ಉಳಿದಿದೆ, ಪೇಟೆಯ ತಟ್ಟೆಯಿಂದ ಹೋಗಿಬಿಟ್ಟಿದೆ. ಒಮ್ಮೆಲೇ ಎಲ್ಲ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ, ವಾರಕ್ಕೊಂದನ್ನು ಸೇರಿಸುತ್ತ ಹೋಗಿ.

ನೀರಿಲ್ಲದೆ ಹೆಚ್ಚಿಸಿದ ನಾರು ತಿರುಗುಬಾಣ. ವಿಜಯಪುರದ ಏಪ್ರಿಲ್ ಮೇ ಬಿಸಿಲಿಗೆ ಬೆವರಲ್ಲೇ ಬಹಳ ನೀರು ಹೋಗುತ್ತದೆ. ಎರಡೂವರೆಯಿಂದ ಮೂರು ಲೀಟರ್ ಬೇಕಾಗಬಹುದು, ಅದರಲ್ಲಿ ಮಜ್ಜಿಗೆಯೂ ಸೇರಿತು. ಲೀಟರ್ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ. ಹಳದಿ ಗಾಢವಾಗಿದ್ದರೆ ನೀರು ಸಾಲದು. ಹೃದಯ, ಮೂತ್ರಪಿಂಡದ ಕಾಯಿಲೆಗೆ ನೀರಿಗೆ ಮಿತಿ ಹಾಕಿಸಿಕೊಂಡವರು ಆ ಮಿತಿಯಲ್ಲೇ ಇರಬೇಕು.

ನೀವು ಬರೆಯದೆ ಬಿಟ್ಟ ಒಂದು ಕಾರಣವನ್ನು ನಾವೇ ಊಹಿಸುತ್ತೇವೆ. ಶಾಲೆಯ ಶೌಚಾಲಯದಲ್ಲಿ ನೀರಿರುವುದಿಲ್ಲ, ಇದ್ದರೂ ಬಾಗಿಲಿಗೆ ಚಿಲಕವಿರುವುದಿಲ್ಲ. ಹಾಗಾಗಿ ಮುಂಜಾನೆಯಿಂದ ನೀರು ಕುಡಿಯದೆ, ಬಂದದ್ದನ್ನು ತಡೆದು ಸಂಜೆ ಮನೆಗೆ ಬರುವ ಶಿಕ್ಷಕಿಯರು ಬಹಳ. ತಿಂದ ಇಪ್ಪತ್ತು ಮೂವತ್ತು ನಿಮಿಷಕ್ಕೆ ದೊಡ್ಡಕರುಳು ತಾನೇ ಚಲಿಸುತ್ತದೆ, ಮುಂಜಾನೆ ಆ ಚಲನೆ ಜೋರು. ಅರ್ಧ ತಾಸು ಮೊದಲೆದ್ದು, ಎರಡು ಗ್ಲಾಸು ನೀರು ಕುಡಿದು, ಉಪ್ಪಿಟ್ಟೋ ರೊಟ್ಟಿಯೋ ತಿಂದು, ಆಮೇಲೆ ಹೋಗುವ ಅಭ್ಯಾಸ ಮಾಡಿದರೆ ಎರಡು ಮೂರು ವಾರಕ್ಕೆ ಕರುಳು ಆ ಹೊತ್ತಿಗೆ ಒಗ್ಗುತ್ತದೆ. ಖಾಲಿ ಹೊಟ್ಟೆಯ ಚಹಾ ಕುಡಿದು ಬಸ್ಸಿಗೆ ಓಡಿದರೆ ಆ ಸೂಚನೆ ಬಸ್ಸಿನಲ್ಲಿ ಬರುತ್ತದೆ. ಇನ್ನು ರಕ್ತದ ಮಾತು. ಅದಕ್ಕೆ ನಾರಿನ ಲೆಕ್ಕವಷ್ಟೇ ಸಾಲದು, ನಿಮ್ಮ ವಯಸ್ಸಿನಲ್ಲಿ ಒಮ್ಮೆ ಪರೀಕ್ಷೆ ಆಗಲೇಬೇಕು. ಮಹಿಳಾ ವೈದ್ಯರು ಬೇಕೆಂದು ಕೇಳಲು ಸಂಕೋಚ ಬೇಡ.

ಬೆಳಗಾವಿ, ಫೌಂಡ್ರಿ ಕಾರ್ಮಿಕ, 41 ವರ್ಷ: ಇಸಬ್‌ಗೋಲ್ ಮೂರು ತಿಂಗಳು ತಗೊಂಡೆ. ಈಗಲೂ ಕೈಯಿಂದ ಒಳಗೆ ಒತ್ತಬೇಕು. 'ಒಂದೇ ಇಂಜೆಕ್ಷನ್, ಶಾಶ್ವತ ಗುಣ' ಎಂದು ಗೋಡೆ ಮೇಲೆ ಬರೆದಿದ್ದಾರೆ. ಹೋಗಲೇ? ಲೇಸರ್ ಒಳ್ಳೆಯದೇ?

ಇಂಜೆಕ್ಷನ್ ಚಿಕಿತ್ಸೆ ಎಂಬುದು ನಿಜವಾಗಿಯೂ ಇದೆ. ಬಾದಾಮಿ ಎಣ್ಣೆಯಲ್ಲಿ 5% ಫಿನಾಲ್ ಬೆರೆಸಿದ ಔಷಧವನ್ನು ಮೂಲವ್ಯಾಧಿಯ ಬುಡಕ್ಕೆ, ಇಳಕಲ್‌ನ ಉತ್ತರದಲ್ಲಿ ಹೇಳಿದ ಗೆರೆಗಿಂತ ಮೇಲಿನ ಜಾಗದಲ್ಲಿ ಹಾಕುತ್ತಾರೆ. ಅದು ಮೊದಲ ಎರಡು ಹಂತಗಳಿಗೆ. ಮೂರನೆಯ ಹಂತದ ನಿಮಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಗೋಡೆ ಬರಹದವರು ಹಾಕುವುದು ಯಾವ ದ್ರವ, ಎಲ್ಲಿಗೆ ಹಾಕುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ತಪ್ಪು ಜಾಗಕ್ಕೆ ಬಿದ್ದರೆ ಮಾಂಸ ಕೊಳೆತು ಹುಣ್ಣಾಗುತ್ತದೆ, ಮಾಯುವಾಗ ಗುದದ್ವಾರವೇ ಕಿರಿದಾಗುತ್ತದೆ. ಹಾಗೆ ಕಿರಿದಾದದ್ದನ್ನು ಬಿಡಿಸುವುದು ಮೂಲವ್ಯಾಧಿಯ ಆಪರೇಷನ್‌ಗಿಂತ ಕಷ್ಟದ ಕೆಲಸ. ವೈದ್ಯರ ನೋಂದಣಿ ಸಂಖ್ಯೆ ಕೇಳಿ, ಔಷಧದ ಹೆಸರು ಬರೆದುಕೊಡಲು ಹೇಳಿ. ಎರಡೂ ಸಿಗದಿದ್ದರೆ ಎದ್ದು ಬನ್ನಿ.

ನಿಮಗೆ ಮೊದಲು ಯೋಚಿಸಬೇಕಾದದ್ದು ರಬ್ಬರ್ ಬ್ಯಾಂಡ್. ಹೊರರೋಗಿ ವಿಭಾಗದಲ್ಲೇ, ಮಂಪರು ಕೊಡದೆ, ಮೂಲವ್ಯಾಧಿಯ ಬುಡಕ್ಕೆ ಸಣ್ಣ ಬ್ಯಾಂಡ್ ಹಾಕುತ್ತಾರೆ. ರಕ್ತ ನಿಂತು ಅದು ಒಣಗಿ 5ರಿಂದ 10 ದಿನದಲ್ಲಿ ಉದುರುತ್ತದೆ, ಆ ಹೊತ್ತಿಗೆ ಸ್ವಲ್ಪ ರಕ್ತ ಕಾಣುವುದು ಸಹಜ. ಹಾಕಿದ ಕೂಡಲೇ ಜೋರು ನೋವಾದರೆ ಬ್ಯಾಂಡ್ ಗೆರೆಯ ಕೆಳಗೆ ಬಿದ್ದಿದೆ, ಅಲ್ಲೇ ಹೇಳಿ ತೆಗೆಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಜ್ವರ, ಹೆಚ್ಚುತ್ತಿರುವ ನೋವು, ಮೂತ್ರ ಕಟ್ಟುವುದು ಇವು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಅಪರೂಪವಾದರೂ ಸೋಂಕು ಒಳಗೆ ಹರಡಿರಬಹುದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಗುಳಿಗೆ ನುಂಗುವವರು ಮೊದಲೇ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು.

ಬ್ಯಾಂಡಿಗೂ ಬಗ್ಗದಿದ್ದರೆ, ಅಥವಾ ನಾಲ್ಕನೆಯ ಹಂತಕ್ಕೆ, ಶಸ್ತ್ರಚಿಕಿತ್ಸೆ. 1937ರಲ್ಲಿ ಮಿಲಿಗನ್ ಮತ್ತು ಮಾರ್ಗನ್ ಬರೆದಿಟ್ಟ, ಗಾಯವನ್ನು ತೆರೆದೇ ಬಿಡುವ ಪದ್ಧತಿ ಇಂದಿಗೂ ನಡೆಯುತ್ತಿದೆ. ಮೊದಲ ಒಂದೆರಡು ವಾರ ನೋವು ಹೆಚ್ಚು, ಆದರೆ ತಿರುಗಿ ಬರುವುದು ಕಡಿಮೆ. ಸ್ಟೇಪ್ಲರ್, ಲೇಸರ್‌ಗಳಲ್ಲಿ ನೋವು ಕಡಿಮೆ, ಖರ್ಚು ಜಾಸ್ತಿ, ಸ್ಟೇಪ್ಲರ್‌ನಲ್ಲಿ ಮರುಕಳಿಸುವ ಸಾಧ್ಯತೆಯೂ ಜಾಸ್ತಿ. ಲೇಸರ್ ಎಂದ ಮಾತ್ರಕ್ಕೆ ಮೇಲು ಎಂದಲ್ಲ. ಬೆಳಗಾವಿಯ ಬಿಮ್ಸ್ ಆಸ್ಪತ್ರೆ, ವಿಜಯಪುರ ಮತ್ತು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗವಿದೆ, ರೇಷನ್ ಕಾರ್ಡು ಮತ್ತು ಆಧಾರ್ ಜೊತೆಗಿರಲಿ. ಕ್ಷಾರಸೂತ್ರ, ಅಂದರೆ ಕ್ಷಾರ ಲೇಪಿಸಿದ ನೂಲು ಕಟ್ಟುವ ಆಯುರ್ವೇದ ಚಿಕಿತ್ಸೆ, ಮಾಡಿಸಿಕೊಳ್ಳಬೇಕೆಂದಿದ್ದರೆ ಆಯುರ್ವೇದ ಕಾಲೇಜು ಆಸ್ಪತ್ರೆಯ ಶಲ್ಯತಂತ್ರ (ಶಸ್ತ್ರಚಿಕಿತ್ಸೆ) ವಿಭಾಗಕ್ಕೆ ಹೋಗಿ. ಕ್ಷಾರಸೂತ್ರದ ಹೆಸರು ಹೆಚ್ಚು ನಿಂತಿರುವುದು ಭಗಂದರದಲ್ಲಿ, ಅಂದರೆ ಗುದದ ಪಕ್ಕ ತೂತಾಗಿ ಕೀವು ಸೋರುವ ಕಾಯಿಲೆಯಲ್ಲಿ.

ಫೌಂಡ್ರಿಯಲ್ಲಿ ಭಾರ ಎತ್ತುವಾಗ ಉಸಿರು ಕಟ್ಟಬೇಡಿ, ಎತ್ತುವ ಕ್ಷಣಕ್ಕೆ ಉಸಿರು ಬಿಡಿ. ಕುಲುಮೆಯ ಬಿಸಿಗೆ ನೀರಿನ ಬಾಟಲಿ ಕೈಗೆ ಸಿಗುವಂತಿರಲಿ.

ಸಿಂದಗಿ ತಾಲೂಕು, ಮಗ ಬರೆದ ಪತ್ರ: ನಮ್ಮಪ್ಪಗ 58. ನಾಲ್ಕು ತಿಂಗಳಿಂದ ಸಂಡಾಸದಾಗ ರಕ್ತ, ಲೋಳಿ ಕೂಡಿ ಬರತೈತಿ. ದಿನಾ ನಾಲ್ಕೈದು ಸಲ ಹೋಗ್ತಾರ, ಹೋಗಿ ಬಂದ್ರೂ ಹೋದಂಗ ಅನಸೂದಿಲ್ಲ ಅಂತಾರ. ಸೊರಗ್ಯಾರ. ಮೂಲವ್ಯಾಧಿ ಅಂತ ಗಿಡಮೂಲಿಕಿ ಔಷಧ ನಡದೈತಿ.

ಗಿಡಮೂಲಿಕೆ ಇಂದೇ ನಿಲ್ಲಿಸಿ, ಈ ವಾರವೇ ತಂದೆಯವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತ ಮಲದಲ್ಲಿ ಬೆರೆತು ಬರುವುದು, ಸಂಡಾಸದ ರೂಢಿ ಬದಲಾಗುವುದು, ಪೂರ್ತಿ ಆಗಲಿಲ್ಲವೆನಿಸುವುದು, ತೂಕ ಇಳಿಯುವುದು ಇವು ಮೂಲವ್ಯಾಧಿಯ ಲಕ್ಷಣವಲ್ಲ. ದೊಡ್ಡಕರುಳು, ಗುದನಾಳದ ಕ್ಯಾನ್ಸರ್ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಬೆರಳಿನ ಪರೀಕ್ಷೆ, ಹಿಮೋಗ್ಲೋಬಿನ್, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳನ್ನು ನೋಡುವುದು) ಈ ಮೂರೂ ಆಗಲಿ. ಬೆರಳಿನಿಂದ ನೋಡದೆ ಮುಲಾಮು ಬರೆದುಕೊಟ್ಟರೆ ಮತ್ತೊಬ್ಬ ವೈದ್ಯರಲ್ಲಿಗೆ ಹೋಗಿ. ಪರೀಕ್ಷೆಯಲ್ಲಿ ಮೂಲವ್ಯಾಧಿ ಕಂಡರೂ ಅಲ್ಲಿಗೆ ನಿಲ್ಲಿಸಬೇಡಿ, ಎರಡೂ ಒಟ್ಟಿಗೆ ಇರಬಹುದು. 45 ದಾಟಿದ ಯಾರಿಗೇ ಹೊಸದಾಗಿ ರಕ್ತ ಕಂಡರೂ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೂ ಇದೇ ಮಾತು. ವಯಸ್ಸು ಚಿಕ್ಕದೆಂದು ನಂಬಿ ಕೂರುವಂತಿಲ್ಲ, ಇದೇ ಲಕ್ಷಣಗಳಿದ್ದರೆ ಮೂವತ್ತರವರೂ ತೋರಿಸಿಕೊಳ್ಳಬೇಕು.

ಮನೆಮದ್ದಿನ ಬಗ್ಗೆ ಬಂದ ಸಣ್ಣ ಪ್ರಶ್ನೆಗಳಿಗೆ ಒಟ್ಟಾಗಿ:

ಹಾಲಿಗೆ ಲಿಂಬೆ ಹಿಂಡಿ ಕೂಡಲೇ ಕುಡಿಯುವುದು: ಹೆಚ್ಚಿನವರಿಗೆ ಕೆಡುಕಿಲ್ಲ, ಆದರೆ ರಕ್ತ ನಿಲ್ಲಿಸುತ್ತದೆ ಎಂದು ನಂಬಿ ಪರೀಕ್ಷೆ ಮುಂದೂಡಬೇಡಿ. ಮುಟ್ಟಿದರೆಮುನಿ ಎಲೆಯ ರಸಕ್ಕೂ ಇದೇ ಉತ್ತರ.

ಸುವರ್ಣಗಡ್ಡೆ: ಆಹಾರವಾಗಿ ಒಳ್ಳೆಯದು, ನಾರಿದೆ. ಹುಣಸೆ ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಬಾಯಿ, ಗಂಟಲು ತುರಿಸುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಬೇಡ, ಅದರಲ್ಲಿ ಆಕ್ಸಲೇಟ್ ಹೆಚ್ಚು.

ಸೋನಾಮುಖಿ ಇರುವ ಚೂರ್ಣ: ಒಂದೆರಡು ದಿನದ ಮಲಬದ್ಧತೆಗೆ ಸರಿ. ವರ್ಷಗಟ್ಟಲೆ ದಿನಾ ನುಂಗುವಂಥದ್ದಲ್ಲ. ಡಬ್ಬಿಯ ಮೇಲೆ ಏನೇನಿದೆ ಎಂದು ಬರೆದಿರದ ಪುಡಿಯನ್ನು ಕೊಳ್ಳಲೇಬೇಡಿ.

ಅಂಗಡಿಯ ಪೈಲ್ಸ್ ಮುಲಾಮು: ಲಿಗ್ನೋಕೇನ್ ಇದ್ದರೆ ಉರಿ, ತುರಿಕೆಗೆ ತಾತ್ಕಾಲಿಕ ಆರಾಮ. ಹೈಡ್ರೋಕಾರ್ಟಿಸೋನ್‌ನಂಥ ಸ್ಟಿರಾಯ್ಡ್ ಸೇರಿದ್ದರೆ ಏಳು ದಿನಕ್ಕಿಂತ ಹೆಚ್ಚು ಹಚ್ಚಬಾರದು, ಚರ್ಮ ತೆಳುವಾಗಿ ಸುಲಭಕ್ಕೆ ಬಿರಿಯುತ್ತದೆ.

ಎಕ್ಕಿ ಹಾಲು, ಸುಣ್ಣ, ಕೇರುಬೀಜದ ಎಣ್ಣೆ ಹಚ್ಚಿ ಮೊಳಕೆ ಉದುರಿಸುವುದು: ಮೂರೂ ಚರ್ಮವನ್ನು ಸುಡುತ್ತವೆ. ಮೂಲವ್ಯಾಧಿ ಉದುರಿದಂತೆ ಕಾಣುವುದು ಸುಟ್ಟ ಚರ್ಮ ಕಳಚಿದ್ದು. ಅದರ ಹಿಂದೆ ಹುಣ್ಣು, ಹುಣ್ಣಿನ ಹಿಂದೆ ಕಿರಿದಾದ ಗುದದ್ವಾರ. ಈಗಾಗಲೇ ಹಚ್ಚಿದವರು ತಣ್ಣೀರಿನ ಧಾರೆ ಹಿಡಿದು 20 ನಿಮಿಷ ತೊಳೆಯಬೇಕು. ಒಣ ಸುಣ್ಣವಾದರೆ ಮೊದಲು ಒಣ ಅರವಿಯಿಂದ ಒರೆಸಿ ತೆಗೆದು, ಆಮೇಲೆ ನೀರು. ಬೆಣ್ಣೆ, ಎಣ್ಣೆ ಏನನ್ನೂ ಮೇಲೆ ಹಚ್ಚದೆ ಆಸ್ಪತ್ರೆಗೆ ಹೋಗಿ, ಏನು ಹಚ್ಚಿದ್ದೆಂದು ಮುಚ್ಚಿಡದೆ ಹೇಳಿ.